ನನ್ನ ಸೊಂಟದ ಎತ್ತರದ ಅಡುಗೆಮನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸಮುದಾಯ ಭವನದ ಅಡುಗೆ ಕಟ್ಟೆಯ ವಿಷಯದಲ್ಲಿ ಬಸಣ್ಣ ಮೇಸ್ತ್ರಿಯದು ಕಿಂಚಿತ್ತೂ ತಪ್ಪಿಲ್ಲ. ನಕ್ಷೆ ನನ್ನದು, ಅಳತೆ ನನ್ನದು, ಜಂಬವೂ ನನ್ನದೇ.

ಸಮುದಾಯ ಭವನ ಎಂಬುದು ಹೆಸರಿಗಷ್ಟೇ ಭಾರಿ. ವಿಜಯಪುರದ ಕಡೆಯಿಂದ ಬಂದು ನಾಶಿಕದವರಿಗೆಲ್ಲ ಬಿಲ್ಡಿಂಗ್ ಕಟ್ಟಿಕೊಟ್ಟ ನಮ್ಮ ಜನ, ರವಿವಾರಗಳಲ್ಲಿ ತಮಗಾಗಿ ಕಟ್ಟಿಕೊಂಡ ಒಂದು ಹಾಲ್, ಒಂದು ಅಡುಗೆಮನೆ, ಮುಂದೊಂದು ಅಂಗಳ. ನಾನು ಓಝರ್ ಹತ್ತಿರ ಒಬ್ಬ ಕಂತ್ರಾಟುದಾರರ ಆಫೀಸಿನಲ್ಲಿ ನಕ್ಷೆ ಬರೆಯುವವನು. ಹಾಗಾಗಿ ವಾಸ್ತುಶಿಲ್ಪದ ಸಕಲ ಜವಾಬ್ದಾರಿಯನ್ನೂ ಸ್ವಯಂ ವಹಿಸಿಕೊಂಡೆ.

ಅಡುಗೆ ಮಾಡುವವರನ್ನು ಒಂದು ಮಾತು ಕೇಳಬಹುದಿತ್ತು. ಆದರೆ ನನಗೊಂದು ವಿದ್ಯೆಯಿದೆ. ಯಾರನ್ನೇ ಆಗಲಿ ಎರಡು ದಿನ ನೋಡಿದರೆ ಸಾಕು, ಅವರಂತೆಯೇ ನಡೆದು, ಮಾತಾಡಿ, ಕೆಮ್ಮಿ ತೋರಿಸುತ್ತೇನೆ. ನಮ್ಮ ಓಣಿಯ ರೊಟ್ಟಿ ಪ್ರವೀಣೆ ಗಂಗವ್ವನ ನಕಲು ಮಾಡಿದರೆ ಅವಳ ಮೊಮ್ಮಗಳು ರೇಖಾ ಹೊಟ್ಟೆ ಹಿಡಿದು ನಗುತ್ತಾಳೆ. ಇಂಥವನು ಕೇಳುವುದೇನನ್ನು? ನಾನೇ ಗಂಗವ್ವನಾಗಿ ನಿಂತು, ಗಾಳಿಯಲ್ಲಿ ನಾಲ್ಕು ರೊಟ್ಟಿ ಬಡಿದು, ಕೈ ಬಂದ ಎತ್ತರಕ್ಕೆ ಟೇಪು ಹಿಡಿದೆ.

ನಾನು ಆರಡಿ. ಗಂಗವ್ವನ ತಲೆ ನನ್ನ ಎದೆಗೂ ಮುಟ್ಟುವುದಿಲ್ಲ.

"ಸಾಹೇಬ್ರ, ಎತ್ತರ ಆಗತೈತಿ ನೋಡ್ರಿ," ಎಂದ ಬಸಣ್ಣ.

"ಮಾಡರ್ನ್ ಕಿಚನ್ ಹಿಂಗ ಇರತಾವ, ಬಸಣ್ಣಾ," ಎಂದೆ. ದನಿ ನಮ್ಮ ಆಫೀಸಿನ ದೊಡ್ಡ ಎಂಜಿನಿಯರರದು.

ಭವನದ ಮೊದಲ ಕಾರ್ಯ ರೇಖಾಳ ನಿಶ್ಚಿತಾರ್ಥ. ಗಂಡಿನ ಕಡೆಯವರೂ ನಮ್ಮ ಸೀಮೆಯವರೇ, ಈಗ ಸಂಭಾಜಿನಗರದಲ್ಲಿದ್ದಾರೆ. ಬೀಗರ ಎಲೆಗೆ ಹಂಚಿನಿಂದಿಳಿದ ಬಿಸಿ ಜೋಳದ ರೊಟ್ಟಿಯೇ ಬೀಳಬೇಕು, ಇಲ್ಲದಿದ್ದರೆ ತನ್ನ ಮಾನ ಉಳಿಯುವುದಿಲ್ಲ ಎಂದು ಗಂಗವ್ವ ಮೊದಲೇ ಸಾರಿದ್ದಳು.

ನಿಶ್ಚಿತಾರ್ಥದ ಬೆಳಿಗ್ಗೆ ಕಟ್ಟೆಯ ಮುಂದೆ ನಿಂತಳು. ಹಿಟ್ಟು ಅವಳ ಎದೆಯ ಮಟ್ಟಕ್ಕಿತ್ತು, ಗ್ಯಾಸಿನ ಮೇಲಿನ ಹಂಚು ಮೂಗಿನ ಮಟ್ಟಕ್ಕೆ. ತುದಿಗಾಲಲ್ಲಿ ನಿಂತು ಬಡಿದಳು. ಬಲ ಬೀಳಲಿಲ್ಲ, ರೊಟ್ಟಿ ಬಿಸ್ಕತ್ತಿನಷ್ಟಾಗಿ ನಿಂತುಹೋಯಿತು. ನಾನು ಓಡಿಹೋಗಿ ಒಂದು ಸ್ಟೂಲು ತಂದೆ. ಹತ್ತಿದಳು. ಮೇಲೆ ಡಬ್ಬಿಗಳಿಗೆಂದು ನಾನೇ ಬರೆದಿದ್ದ ಶೆಲ್ಫು ಅವಳ ಹಣೆಗೆ ಬಡಿಯಿತು. ಕೊನೆಗೆ ಸೀರೆ ಸಾವರಿಸಿಕೊಂಡು ಕಟ್ಟೆಯ ಮೇಲೆಯೇ ಏರಿ ಕುಳಿತಳು. ಈಗ ರೊಟ್ಟಿ ಚಂದ್ರನಂತೆ ಹಿಗ್ಗಿತು, ಆದರೆ ಹಂಚು ಬೆನ್ನ ಹಿಂದಾಯಿತು.

ರೇಖಾ ಫೋನು ಹಿಡಿದು ಬಂದಳು. "ಆಜೀ, ಪಾಹುಣೆ ನಿಫಾಡ್‌ಲಾ ಆಲೆ."

ಬೀಗರು ನಿಫಾಡ್ ಮುಟ್ಟಿದ್ದರು, ಅಂದರೆ ಇನ್ನು ಒಂದೇ ತಾಸು. ಬುಟ್ಟಿಯಲ್ಲಿದ್ದ ರೊಟ್ಟಿ ಮೂರು, ಅದರಲ್ಲೊಂದು ಬಿಸ್ಕತ್ತು.

ಗಂಗವ್ವ ಕೆಳಗಿಳಿದಳು. ನನ್ನತ್ತ ನೋಡಲೂ ಇಲ್ಲ. "ನಡೀರೇ, ಅಂಗಳಕ್ಕ," ಎಂದಳು. ಓಣಿಯ ಹೆಂಗಸರು ಕಟ್ಟಡಕ್ಕೆ ತಂದು ಉಳಿದಿದ್ದ ಇಟ್ಟಿಗೆ ಜೋಡಿಸಿ ಮೂರು ಒಲೆ ಹೂಡಿದರು. ನೆಲದ ಮೇಲೆ ಒಂದು ಕಾಲು ಚಾಚಿ, ಇನ್ನೊಂದನ್ನು ಮಡಿಚಿ ಕುಳಿತರು. ಆಗ ನೋಡಿದೆ, ಬಡಿಯುವ ಬಲ ಬರುವುದು ಅಂಗೈಯಿಂದಲ್ಲ, ಅದು ಭುಜದಿಂದ ಇಳಿಯುತ್ತದೆ. ಒಬ್ಬಳು ಬಡಿದದ್ದು ಪಕ್ಕದವಳ ಹಂಚಿಗೆ ಹೋಗುತ್ತದೆ, ಯಾರೂ ಏಳುವುದಿಲ್ಲ. ಇಷ್ಟು ದಿನ ನಕಲು ಮಾಡಿದವನು ಇದನ್ನು ಹೇಗೆ ನೋಡಲಿಲ್ಲ? ಕುತೂಹಲ ತಡೆಯದೆ ಟೇಪು ತೆಗೆದು ಇಬ್ಬರ ನಡುವಿನ ಅಂತರ ಅಳೆಯಹೋದೆ.

"ಕಾಲು ತಗೀರಿ ಸಾಹೇಬ್ರ, ಹಿಟ್ಟು ತುಳಿತೀರಿ," ಎಂದ ಬಸಣ್ಣ.

ಬೀಗರು ಬಂದರು. ನಾನು ಗೋಡೆಗೆ ಅಂಟಿ ನಿಂತೆ. ಬೀಗತಿ ಸಿದ್ಧವಾಗಿದ್ದ ಕುರ್ಚಿಯನ್ನು ಬಿಟ್ಟು ಸೀದಾ ಒಲೆಯ ಬಳಿಗೆ ಬಂದು, "ಸರೀರಿ ಗಂಗವ್ವಾರ, ಒಂದು ನಾನೂ ಬಡೀತೀನಿ. ನಮ್ಮ ಫ್ಲ್ಯಾಟಿನಾಗ ಹಿಂಗ ಕೂಡಾಕ ಜಾಗಾನ ಇಲ್ಲ," ಎಂದು ಕುಳಿತೇಬಿಟ್ಟಳು. ಎರಡನೆಯ ರೊಟ್ಟಿಯ ಹೊತ್ತಿಗೆ ಮದುವೆಯ ದಿನದ ಮಾತೂ ಅಲ್ಲಿಯೇ ಪಕ್ಕಾ ಆಗಿತ್ತು.

ಊಟವಾದ ಮೇಲೆ ತಲೆ ತಗ್ಗಿಸಿ ಗಂಗವ್ವನ ಮುಂದೆ ನಿಂತೆ. "ತಪ್ಪಾತು ಆಯಿ. ನಾಳೆನ ಆ ಕಟ್ಟಿ ಒಡಸ್ತೀನಿ."

ಗಂಗವ್ವ ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಕಟ್ಟೆಯನ್ನೂ ನನ್ನನ್ನೂ ಒಮ್ಮೆ ಅಳೆದಳು.

"ಒಡೀಬ್ಯಾಡೋ ತಮ್ಮಾ. ಗಂಡಸರು ನಿಂತು ಭಾಂಡೆ ಪಾತ್ರಿ ತಿಕ್ಕಾಕ ಎತ್ತರ ಬರೋಬ್ಬರಿ ಐತಿ. ಅಗಾ, ಅಲ್ಲಿ ಬಿದ್ದಾವ ನೋಡು, ಶುರು ಮಾಡು."