ನಾಲ್ಕು ಗಂಟೆಯ ಕಾಫಿ

ಚಳ್ಳಕೆರೆಯ ಶೇಂಗಾ ವ್ಯಾಪಾರಿ ಚಿಕ್ಕಬಸಪ್ಪನವರ ಹೆಂಡತಿ ತಿಪ್ಪೇರುದ್ರಮ್ಮನಿಗೆ ಊಟ ತಪ್ಪಿದರೂ ನಡೆಯುತ್ತಿತ್ತು, ನಾಲ್ಕು ಗಂಟೆಯ ಕಾಫಿ ತಪ್ಪಬಾರದು. ಅದೂ ಪಕ್ಕದ ಮನೆಯ ನರ್ಸ್ ಆರೋಗ್ಯಮ್ಮನ ಜೊತೆ ಜಗಲಿಯ ಮೇಲೆ ಕೂತೇ ಕುಡಿಯಬೇಕು. (ಸಕ್ಕರೆ ಕಡಿಮೆಯಾದರೆ ಊರಿನ ಸುದ್ದಿ ಸೇರಿಸಿಕೊಂಡರೆ ಸರಿಹೋಗುತ್ತಿತ್ತು.)

ಒಂದು ಬುಧವಾರ ಆರೋಗ್ಯಮ್ಮ ಹಣೆಗೆ ಬೂದಿ ಹಚ್ಚಿಕೊಂಡು ಬಂದಳು.

"ಅಂತೂ ನಮ್ಮ ವಿಭೂತಿಗೇ ಬಂದೆ ನೋಡು. ಪಟ್ಟೆ ಎಳೆಯೋದು ಮಾತ್ರ ಕಲೀಬೇಕು," ಎಂದರು ತಿಪ್ಪೇರುದ್ರಮ್ಮ.

"ಪಟ್ಟೆ ಅಲ್ಲ ರುದ್ರಕ್ಕ, ಶಿಲುಬೆ. ಇವತ್ತಿಂದ ನಮ್ಮ ತಪಸ್ಸು ಕಾಲ. ಈಸ್ಟರ್ ತನಕ ನಾನು ಕಾಫಿ ಬಿಟ್ಟೀನಿ."

"ಕಾಫಿ ಏನು ಪಾಪ ಮಾಡೈತೆ? ಹಾಗಲಕಾಯಿ ಬಿಡು."

"ಇಷ್ಟ ಇರೋದನ್ನೇ ಬಿಡಬೇಕಕ್ಕ. ಆಸೆ ಬಂದಾಗ ಪ್ರಾರ್ಥನೆ ಮಾಡೋದು."

ಶಿವಭಕ್ತರ ಮನೆಯಲ್ಲಿ ಹುಟ್ಟಿ ಭಕ್ತಿಯಲ್ಲಿ ಪಕ್ಕದ ಮನೆಗೆ ಸೋಲುವುದೇ? "ಹಂಗಾದ್ರೆ ನಾನೂ ಬಿಟ್ಟೆ," ಎಂದುಬಿಟ್ಟರು. ಈ ತಾಯಿಯ ಶ್ರಾವಣ ಸೋಮವಾರದ ಉಪವಾಸದಲ್ಲಿ ಅವಲಕ್ಕಿ, ಬಾಳೆಹಣ್ಣು, ಉಂಡೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಕಾಫಿಗೂ ಹಾಗೇ ಒಂದು ಸಂದು ಸಿಕ್ಕೀತು ಎಂದುಕೊಂಡಿದ್ದರು.

ಮರುದಿನ ನಾಲ್ಕಕ್ಕೆ ಸೊಸೆ ದಾಕ್ಷಾಯಿಣಿ ಹಿತ್ತಲಿಗೆ ಹೋದ ಹೊತ್ತು ನೋಡಿ ಹಾಲಿಟ್ಟರು. ಹಾಲು ಒಡೆಯಿತು. ಇನ್ನೊಂದು ದಿನ ಸ್ಟೌನಲ್ಲಿ ಸೀಮೆಎಣ್ಣೆ ಮುಗಿಯಿತು. ಕೊನೆಗೆ ರೇಷ್ಮೆ ಸೀರೆ ನೋಡುವ ನೆಪ ಹೇಳಿ ಬಸ್ಸು ಹತ್ತಿ ಮೊಳಕಾಲ್ಮೂರಿನ ತಂಗಿ ಜಗದಾಂಬನ ಮನೆಗೇ ಹೋದರು.

"ಬಾರಕ್ಕ. ಭಾವ ಫೋನ್ ಮಾಡಿ ಎಲ್ಲಾ ಹೇಳಿದ್ರು," ಎಂದು ಜಗದಾಂಬ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಕೇರಿಯವರನ್ನೆಲ್ಲ ಕರೆದು ತೋರಿಸಿದಳು. ಎಲ್ಲರಿಗೂ ಕಾಫಿ ಕೊಟ್ಟು ವ್ರತದವರ ಕೈಗೆ ಮಜ್ಜಿಗೆ ಇಟ್ಟಳು.

ಉಳಿದದ್ದು ದೇವರ ಕೋಣೆ. ಲಿಂಗಪೂಜೆಗೆ ಕೂತವರನ್ನು ಯಾರೂ ಮಾತಾಡಿಸುವುದಿಲ್ಲವಲ್ಲ. ಒಂದು ಸಂಜೆ ಸೆರಗಿನೊಳಗೆ ಲೋಟ ಬಚ್ಚಿಟ್ಟುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಇನ್ನೇನು ತುಟಿಗೆ ತಾಗಿಸಬೇಕು, ಬಾಗಿಲು ಸರಿಯಿತು.

"ಸದ್ದು ಮಾಡಬ್ಯಾಡ್ರಿ. ನೋಡ್ರಿ, ನಮ್ಮತ್ತೆ ಈಗೀಗ ಎರಡು ಹೊತ್ತೂ ಪೂಜೆಗೆ ಕೂರ್ತಾರೆ," ಎಂದು ದಾಕ್ಷಾಯಿಣಿ ವ್ರತದ ಸುದ್ದಿ ಕೇಳಿ ಬಂದ ಹೆಂಗಸರ ಹಿಂಡಿಗೆ ಪಿಸುಗುಟ್ಟುತ್ತಿದ್ದಳು.

ಲೋಟ ಸೆರಗಿನೊಳಗೆ ಹೋಯಿತು. ಕಾಫಿ ತೊಡೆಯ ಮೇಲೆ ಇಳಿಯಿತು.

"ಶಿವಾ... ಶಿವಶಿವಾ..." ಎಂದು ತಿಪ್ಪೇರುದ್ರಮ್ಮ ಕಣ್ಣೀರು ಹಾಕಿದರು. ಹೊಸಿಲಲ್ಲಿ ನಿಂತ ಹೆಂಗಸರೂ ಕಣ್ಣೊರೆಸಿಕೊಂಡು ಕೈಮುಗಿದರು.

ಈಸ್ಟರ್ ದಿನ ಆರೋಗ್ಯಮ್ಮ ಫ್ಲಾಸ್ಕ್ ತುಂಬ ಕಾಫಿ ತಂದಳು. ಲೋಟಕ್ಕೆ ಬಗ್ಗಿಸುತ್ತಾ ಹೇಳಿದಳು: "ಒಂದು ಮಾತು ರುದ್ರಕ್ಕ. ದಿನಾ ನಾಲ್ಕಕ್ಕೆ ಕಾಫಿ ಆಸೆ ಬಂದಾಗ ನಿಮಗೋಸ್ಕರನೇ ಪ್ರಾರ್ಥನೆ ಮಾಡ್ತಿದ್ದೆ. ಪಾಪ, ರೂಢಿ ಇಲ್ಲದೋರು, ಒಂದು ತೊಟ್ಟೂ ಬಾಯಿಗೆ ಹೋಗದಂಗೆ ನೋಡ್ಕೊ ಸ್ವಾಮಿ ಅಂತ."

ಒಡೆದ ಹಾಲು, ಮುಗಿದ ಸೀಮೆಎಣ್ಣೆ, ಜಗದಾಂಬನ ಮಜ್ಜಿಗೆ ಒಂದೊಂದೇ ತಿಪ್ಪೇರುದ್ರಮ್ಮನ ಕಣ್ಣ ಮುಂದೆ ಬಂದವು. ತೊಡೆ ಇನ್ನೂ ಚುರುಗುಡುತ್ತಿತ್ತು.

"ನಿಮ್ಮ ದೇವರಿಗೆ ಕಿವಿ ಭಾಳ ಚುರುಕೈತೆ ಕಣವ್ವ," ಎಂದರು.

"ಹೂನಕ್ಕ. ನಿಮ್ಮ ಶ್ರಾವಣದ ಉಪವಾಸಕ್ಕೂ ಮಾಡ್ತೀನಿ ಬಿಡ್ರಿ."

ಅವತ್ತು ಸಂಜೆ ತಿಪ್ಪೇರುದ್ರಮ್ಮ ಲೋಟವಿಲ್ಲದೆ ದೇವರ ಕೋಣೆಗೆ ಹೋದರು. ಶ್ರಾವಣದೊಳಗೆ ಆರೋಗ್ಯಮ್ಮನಿಗೆ ಬೇರೆ ಊರಿಗೆ ವರ್ಗವಾಗಲಿ ಎಂದು, ಬಹಳ ವರ್ಷಗಳ ಮೇಲೆ, ಮನಸ್ಸಿಟ್ಟು ಬೇಡಿಕೊಂಡರು. ಬೇಡಿಕೊಂಡು ಎದ್ದವರಿಗೆ ನಾಲ್ಕು ಗಂಟೆಯ ಖಾಲಿ ಜಗಲಿ ನೆನಪಾಯಿತು. ಮತ್ತೆ ಕೂತರು.

"ವರ್ಗ ಬ್ಯಾಡ ಶಿವನೆ. ಅವಳಿಗೆ ಒಂದೀಟು ಮರೆವು ಕೊಡು, ಸಾಕು."