ಸೊನ್ನೆ ಹಾನಿಯ ಫಲಕಕ್ಕೆ ಒಂದು ಅರಿಕೆ

ಮಾನ್ಯ ಸಾಧನಾ ಫಲಕದವರೇ,

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ರಸ್ತೆಯ ನಮ್ಮ ಅಕ್ಕಿ ಗೋದಾಮಿನ ಒಳಗೋಡೆಯಲ್ಲಿ, ದೇವರ ಫೋಟೋಗಿಂತ ಒಂದು ಮೊಳ ಮೇಲೆ ಹಗಲಿಡೀ ಕರೆಂಟಿನ ಅಂಕಿಗಳಲ್ಲಿ ಬೆಳಗುತ್ತಿರುವ ತಮಗೆ, ಗೇಟಿನ ರಿಜಿಸ್ಟರು ಬರೆಯುವ ಕೊಟ್ರಯ್ಯನ ಶರಣು ಶರಣಾರ್ಥಿಗಳು. ಇಂಥ ಪತ್ರವನ್ನು 'ಐ ಬೆಗ್ ಟು ಸ್ಟೇಟ್' ಎಂದು ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಅದರ ಮುಂದಿನದು ಮರೆತಿರುವುದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ತಾವು ಬಂದು ಎಂಟು ತಿಂಗಳಾಯಿತು. ಅದಕ್ಕೆ ಮೊದಲು ಗೋದಾಮು ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಎಂಬುದೇ ನಮಗೆ ಗೊತ್ತಿರಲಿಲ್ಲ, ಸುಮ್ಮನೆ ನಡೆಸುತ್ತಿದ್ದೆವು. ಈಗ ಲಾರಿ ಗೇಟು ದಾಟಿದ ಗಳಿಗೆಯಿಂದ ತಾವು ನಿಮಿಷ ಎಣಿಸುತ್ತೀರಿ; ಆದಕಾರಣ ಲಾರಿಗಳು ಗೇಟು ದಾಟದೆ ಈಶ್ವರನ ಚಹಾದಂಗಡಿಯ ಮುಂದೆ ಮೂರು ತಾಸು ನಿಂತು, ಒಳಗೆ ಬಂದ ಮೇಲೆ ನಲವತ್ತು ನಿಮಿಷದಲ್ಲಿ ಖಾಲಿಯಾಗುತ್ತವೆ. ಇಂಥ ವೇಗ ಕಂಪನಿಯ ಬೇರೆ ಯಾವ ಗೋದಾಮಿನಲ್ಲೂ ಇಲ್ಲವಂತೆ. ಈಶ್ವರನೂ ತಮ್ಮನ್ನು ದಿನಾ ನೆನೆಯುತ್ತಾನೆ, ಇನ್ನೊಂದು ಬೆಂಚು ಹಾಕಿಸಿದ್ದಾನೆ.

ತೀರಿಕೊಂಡು ಆರು ವರ್ಷವಾದ ನನ್ನ ಹೆಂಡತಿ ಉಚ್ಚೆಂಗಮ್ಮ, ಸೇರಿನಲ್ಲಿ ಅಕ್ಕಿ ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದಳು, ಕೊನೆಗೆ ಕೊಸರೆಂದು ಒಂದು ಹಿಡಿ ಹಾಕುತ್ತಿದ್ದಳು. ಅಳತೆ ಎಂದರೆ ಅಷ್ಟೇ ಎಂದುಕೊಂಡಿದ್ದ ನನಗೆ, ಅಳೆದು ಅಳೆದು ಮನುಷ್ಯರನ್ನೂ ಕಳೆಯಬಹುದು ಎಂದು ತೋರಿಸಿಕೊಟ್ಟವರು ತಾವು. ವಿಷಯ ಬಿಟ್ಟು ಎಲ್ಲಿಗೋ ಹೋದೆ, ಮನ್ನಿಸಬೇಕು.

ವಿಷಯ ಪಂಪಮ್ಮ. ಹಮಾಲರ ಕೊಕ್ಕೆ ತಾಗಿ ಹರಿದ ಚೀಲಗಳನ್ನು ಲಾರಿಯ ಪಕ್ಕದಲ್ಲೇ ಕುಳಿತು, ದಬ್ಬಣ ಸುತಲಿ ಹಿಡಿದು ಹನ್ನೊಂದು ವರ್ಷದಿಂದ ಹೊಲಿಯುತ್ತಿರುವವಳು. ದಿನಕ್ಕೆ ಮೂವತ್ತೋ ನಲವತ್ತೋ. ಹೊಲಿದ ಮೇಲೆ ಚೀಲ ಒಳಗೆ ಬರುತ್ತದೆ, ಒಳಗೆ ಬಂದ ಮೇಲೆ ತಾವು ಅದನ್ನು ನೋಡುತ್ತೀರಿ; ಯಾರು ಎಷ್ಟು ಹೊತ್ತರು ಎಂದು ಎಣಿಸುತ್ತೀರಿ, ಎಷ್ಟು ಹೊಲಿದರು ಎಂದಲ್ಲ. ಹೀಗಾಗಿ ತಮ್ಮ ಎದೆಯ ಮೇಲೆ 'ಹಾನಿ: ೦' ಎಂದು ಹಸಿರಿನಲ್ಲೂ, 'ಪಂಪಮ್ಮ ಸಾಗಿಸಿದ ಚೀಲ: ೦' ಎಂದು ಕೆಂಪಿನಲ್ಲೂ ಹೊಳೆಯುತ್ತದೆ. ಈ ಎರಡು ಸೊನ್ನೆಗಳನ್ನು ಕೂಡಿಸಿದ ನಮ್ಮ ಮ್ಯಾನೇಜರ್ ಮನೋಹರ್ ಅವರು, "ಹರಿಯೋ ಚೀಲನೇ ಇಲ್ಲಂದ್ರ ಹೊಲಿಯೋರು ಯಾಕ ಬೇಕ್ರಿ, ಕೊಟ್ರಯ್ಯನೋರೆ?" ಎಂದರು. ಬರುವ ಸೋಮವಾರದಿಂದ ಪಂಪಮ್ಮನಿಗೆ ಕೆಲಸವಿಲ್ಲ.

ಇದರಲ್ಲಿ ನನ್ನ ಪಾಲೂ ಉಂಟು. ತಮ್ಮನ್ನು ಗೋಡೆಗೇರಿಸುವ ಮುನ್ನ ಕಂಪನಿಯ ಪೂಜಿತಾ ಮೇಡಂ ಬಂದು, ದಿನಕ್ಕೆ ಎಷ್ಟು ಚೀಲ ಹರಿಯುತ್ತವೆ ಎಂದು ಕೇಳಿದಾಗ, ಹೊರಗಿನವರ ಮುಂದೆ ಗೋದಾಮಿನ ಮಾನ ಕಳೆಯಬಾರದೆಂದು "ಒಂದೂ ಇಲ್ರೀ ಮೇಡಂ" ಎಂದವನು ನಾನೇ. ಬೀಗರು ಬಂದಾಗ ಹರಕು ಕಂಬಳಿಯನ್ನು ಒಳಗೆ ಮಡಚಿಡುತ್ತೇವಲ್ಲ, ಹಾಗೆ. ತಾವು ಅದನ್ನೇ ವೇದವಾಕ್ಯ ಮಾಡಿಕೊಂಡಿರಿ, ಹೊಲಿದ ಚೀಲಕ್ಕೆಂದು ತಮ್ಮ ಮೇಲೆ ಒಂದು ಸಾಲೂ ಇಲ್ಲದಾಯಿತು.

ತಿದ್ದಲೂ ಹೋದೆ. ನಾಲ್ಕು ದಿನ ದಬ್ಬಣ ಕೆಳಗಿಡು, ಹರಿದದ್ದು ಹರಿದ ಹಾಗೇ ಒಳಗೆ ಹೋಗಲಿ, ಫಲಕ ಕೆಂಪಾದರೆ ಅದೇ ನಿನ್ನನ್ನು ಕರೆಯುತ್ತದೆ ಎಂದು ನಿನ್ನೆ ಪಂಪಮ್ಮನಿಗೆ ಉಪಾಯ ಹೇಳಿಕೊಟ್ಟೆ. ಅವಳು ಸುತಲಿಯನ್ನು ಹಲ್ಲಿನಲ್ಲಿ ಕಡಿದು, "ಅನ್ನ ನೆಲಕ್ಕ ಚೆಲ್ಲಿ ನನ್ನ ಕೆಲ್ಸ ಉಳಿಸ್ಕೊ ಅಂತೀರೇನ್ರೀ ಅಯ್ನೋರ? ಓದಿದೋರು ನೀವು, ಭಾಳ ಚೊಲೋ ಬುದ್ಧಿ ಹೇಳಾಕ ಬಂದೀರಿ ಬಿಡ್ರಿ" ಎಂದು ಮುಂದಿನ ಚೀಲ ಎಳೆದುಕೊಂಡಳು. ನಿನ್ನೆಯೂ ತಮ್ಮ ಮೇಲೆ ಸೊನ್ನೆಯೇ ಬಂತು.

ಕಾಲೇಜಿನಲ್ಲಿ ಪ್ರೆಸೀ ರೈಟಿಂಗ್ ಎಂಬುದೊಂದಿತ್ತು: ಉದ್ದದ ಕಥೆಯನ್ನು ಮೂರರಲ್ಲೊಂದು ಪಾಲಿಗೆ ಇಳಿಸುವುದು. ನಾನು ಒಮ್ಮೆ ಕಥಾನಾಯಕಿಯನ್ನೇ ಬಿಟ್ಟು ಇಳಿಸಿದ್ದೆ. ಮೇಷ್ಟ್ರು ಅಂದು ಕೊಟ್ಟ ಅಂಕವನ್ನೇ ತಾವು ಈಗ ಹಾನಿಯ ಮುಂದೆ ತೋರಿಸುತ್ತಿದ್ದೀರಿ.

ಆದ್ದರಿಂದ ನನ್ನ ಸಣ್ಣ ಬೇಡಿಕೆ ಏನೆಂದರೆ, ತಾವು ಸೋಮವಾರದೊಳಗೆ ಗೋಡೆಯಿಂದ ಇಳಿದು, ಅರ್ಧ ದಿನ ಲಾರಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಬೇಕು. ಮಂಡಿನೋವಿದ್ದರೆ ಬೇಡ, ತಮ್ಮ ಮೇಲೆ 'ಚೆಲ್ಲದೆ ಉಳಿದ ಅಕ್ಕಿ' ಎಂದು ಒಂದು ಸಾಲನ್ನಾದರೂ ಬರೆಸಿಕೊಳ್ಳಿ. ಅಳೆಯಲು ಬಾರದಿದ್ದರೆ ನಾಚಿಕೆ ಬೇಡ, 'ಲಾಭ' ಎಂದು ಶುರು ಮಾಡಿದರೆ ಸಾಕು.

ಸುಳ್ಳು ಹೇಳಿ ತಮ್ಮನ್ನು ನಂಬಿಸಿದ,
ತಮ್ಮ ವಿಶ್ವಾಸಿ,
ಕೊಟ್ರಯ್ಯ, ಬಿ.ಎ. (ಇಂಗ್ಲಿಷ್ ಒಂದು ಬಿಟ್ಟು)

ತಾ.ಕ.: ತಮ್ಮ ಸೊನ್ನೆಯನ್ನು ಮೆಚ್ಚಿ ಹೆಡ್ಡಾಫೀಸಿನವರು ಕಳಿಸಿದ 'ಶೂನ್ಯ ಹಾನಿ' ಪ್ರಶಸ್ತಿಯ ಬ್ಯಾನರು, ಲಾರಿಯಿಂದ ಇಳಿಸುವಾಗ ಕೊಕ್ಕೆಗೆ ಸಿಕ್ಕಿ ನಟ್ಟನಡುವೆ ಹರಿಯಿತು. ಪಂಪಮ್ಮ ಹೊಲಿದುಕೊಟ್ಟಿದ್ದಾಳೆ. ಸೋಮವಾರ ಅದನ್ನು ತಮ್ಮ ಎದುರಿಗೇ ಕಟ್ಟುತ್ತಾರೆ. ಇನ್ನೊಮ್ಮೆ ಹರಿದರೆ ತಾವೇ ನೋಡಿಕೊಳ್ಳತಕ್ಕದ್ದು.