ಟೈಪಿಂಗ್ ಮಾಸ್ತರರ ತಪ್ಪುಗಳು

ಎಲ್ಲ ಗದ್ದಲಕ್ಕೂ ಮೂಲ, ಸುಜಯನಿಗೆ ಗೊಳಸಂಗಿಯಲ್ಲಿ ಒಂದು ಕನ್ಯೆ ಗೊತ್ತಾದದ್ದು. ರವಿವಾರವೇ ನೋಡಲು ಬರ್ರಿ ಎಂದು ಹೆಣ್ಣಿನವರು ಫೋನು ಮಾಡಿದರು. ಸುಜಯ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬೆಳಗಿನ ಬಸ್ಸಿಗೇ ಹೊರಟುಬಿಟ್ಟ. ಅದೇ ರವಿವಾರ ಮಧ್ಯಾಹ್ನ ಎರಡಕ್ಕೆ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರಿನ ಸೈಬರ್ ಕೆಫೆಗಳ ನಡುವೆ ಕಂಪ್ಯೂಟರಿನಲ್ಲಿ ಯುದ್ಧ ನಿಕ್ಕಿಯಾಗಿತ್ತು. ಸಿಂದಗಿಯ ಸೈನ್ಯವೆಂದರೆ ಸುಜಯ ಒಬ್ಬನೇ. ಅವನು ಚಹಾದ ತಾಟು ಹಿಡಿದು ಬರುವ ಹುಡುಗಿಯನ್ನು ನೋಡಲು ಹೋದ ಮೇಲೆ ಊರಿನ ಮಾನ ಕಾಯುವವರು ಯಾರು?

ಬಸ್ ಸ್ಟ್ಯಾಂಡಿನ ಎದುರಿನ ಕೆಫೆಯ ಮಾಲೀಕ ಅಮಿತ ತಲೆಯ ಮೇಲೆ ಕೈಹೊತ್ತು ಕೂತ. ಕೂತವನ ತಲೆಯ ಮೇಲಿಂದ, ಅಂದರೆ ಮಾಳಿಗೆಯಿಂದ, ಟಕಟಕ ಟಕಟಕ ಎಂದು ಸಪ್ಪಳ ಬಂತು. ದಿನಾ ಬೈದುಕೊಂಡು ಕೇಳುತ್ತಿದ್ದ ಆ ಸಪ್ಪಳ ಇವತ್ತು ಅವನಿಗೆ ದೇವರ ಗಂಟೆಯಂತೆ ಕೇಳಿಸಿತು. ಎದ್ದವನೇ ಹಿಂದಿನ ಕಟ್ಟಿಗೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಮಾಳಿಗೆಯ ಮೇಲೆ ಶ್ರೀನಿವಾಸ ಮಾಸ್ತರರ ಟೈಪಿಂಗ್ ಇನ್‌ಸ್ಟಿಟ್ಯೂಟು. ಇಪ್ಪತ್ತೆರಡು ವರ್ಷ ಮಾಸ್ತರರು ಮೇಜಿಗೆ ರೂಲುಪಟ್ಟಿ ಬಡಿದು ತಾಳ ಹಾಕುತ್ತ, ಹುಡುಗ ಹುಡುಗಿಯರ ಕೈ ಮೇಲೆ ಟಾವೆಲ್ ಹೊದಿಸಿ, ಕೀಲಿ ನೋಡದೆ ಹೊಡೆಯುವುದನ್ನು ಕಲಿಸಿದ್ದರು. ತಾಲೂಕು ಕಚೇರಿಯ ಅರ್ಧ ಗುಮಾಸ್ತರು ಅವರ ಶಿಷ್ಯರು. ಮಾಸ್ತರರು ಒಂದು ಅಕ್ಷರ ತಪ್ಪಾಗಿ ಒತ್ತಿದ್ದನ್ನು ಕಂಡವರು ಸಿಂದಗಿಯಲ್ಲಿ ಇರಲಿಲ್ಲ. ಆದರೆ ಎರಡು ಸಾವಿರದ ಆರನೇ ಇಸವಿಯಲ್ಲಿ ಟೈಪಿಂಗ್ ಯಾರಿಗೆ ಬೇಕು? ಕೊನೆಯ ಶಿಷ್ಯೆ ದೀಪಾವಳಿಗೆ ಬಿಟ್ಟುಹೋಗಿದ್ದಳು.

ಕೆಳಗಿನ ಕೆಫೆ, ಮೇಲಿನ ಮಾಳಿಗೆ ಎರಡಕ್ಕೂ ಧಣಿಯಾದ ಶ್ರೀಶೈಲಪ್ಪ ಇವತ್ತೇ ಕಡೆಯ ದಿನ ಎಂದು ಹೇಳಿಯಾಗಿತ್ತು. ನಾಳೆಯಿಂದ ಮಾಳಿಗೆಯಲ್ಲಿ ತೊಗರಿ ಚೀಲ. ಚೀಲ ಎಳೆಯಲು ಕಿಟಕಿಗೆ ಆಗಲೇ ಒಂದು ರಾಟೆ, ಹಗ್ಗ ಬಂದು ಕೂತಿದ್ದವು. ಮಾಸ್ತರರ ಒಂಬತ್ತು ಮಶೀನುಗಳೂ ಅದೇ ರಾಟೆಯಿಂದ ಇಳಿಯಬೇಕಿತ್ತು. ಅವರು ಮಾತ್ರ, ಮುಳುಗುವ ದೋಣಿಯ ಅಂಬಿಗನಂತೆ, ಕಡೆಯ ಸಲ ಎಂದು ಒಂದು ಹಾಳೆ ಹೊಡೆಯುತ್ತ ಕೂತಿದ್ದರು.

"ಸರ್, ಊರ ಮಾನ ನಿಮ್ಮ ಕೈಯಾಗ ಐತ್ರಿ" ಎಂದ ಅಮಿತ.

"ನನ್ನ ಕೈಯಾಗ ಈ ಖೋಲೀನೇ ಉಳೀಲಿಲ್ಲ, ಊರ ಮಾನ ಎಲ್ಲಿ ಇಟ್ಕೊಳ್ಳೋಣಪಾ?"

ಅಮಿತ ಆಟದ ಕತೆ ಹೇಳಿದ. ಅದರ ಇಂಗ್ಲಿಷ್ ಹೆಸರು ಸಿಂದಗಿಯ ಬಾಯಲ್ಲಿ ಹೊರಳದ್ದರಿಂದ ಎಲ್ಲರೂ ಅದನ್ನು 'ಏಳು ಕೋಟೆ' ಅನ್ನುತ್ತಿದ್ದರು. ಜಾಹೀರಾತಿನಲ್ಲಿ ಏಳು ಕೋಟೆ, ಆನೆ, ಕುದುರೆ, ತೋಪು ಎಲ್ಲವನ್ನೂ ತೋರಿಸಿದ್ದರು. ಹೋದ ವಾರ ಆಟ ಬಿಡುಗಡೆಯಾದಾಗ ನೋಡಿದರೆ ಆರು ಕೋಟೆಗಳನ್ನು ಕತ್ತರಿಸಿ ಹಾಕಿದ್ದರು. ಆನೆಯಿಲ್ಲ, ಕುದುರೆಯಿಲ್ಲ. ಉಳಿದ ಒಂದು ಕೋಟೆಗೆ ಮೆಟ್ಟಿಲೇ ಇರಲಿಲ್ಲ. ಎಲ್ಲಿ ಒತ್ತಿದರೂ 'ಮುಂದೆ ಬರಲಿದೆ' ಎಂಬ ಬೋರ್ಡು.

ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. "ಮೆಟ್ಟಲಿಲ್ಲದ ಕೋಟಿ ಮಾರೋ ಶಾಣ್ಯಾ ಯಾವನಪಾ ಅವ! ತಗೊಂಡ ನಿಮಗರೆ ಬುದ್ಧಿ ಬ್ಯಾಡೇನು?"

"ಬಿಲ್ಲು ಎಳಿಯೂದೂ ಮುಂದ ಬರ್ತೈತಂತ್ರಿ. ಸದ್ಯ ಪರದೇ ಮ್ಯಾಲ ಬಂದ ಅಕ್ಷರ ಒತ್ತೂದಟ ಐತಿ. ಸರಿ ಒತ್ತಿದ್ರ ಬಾಣ ಕ್ವಾಟಿಗೆ ಬಡೀತೈತಿ. ಐದನೂರು ಬಾಣ ಮೊದಲ ಬಡಿದಂವ ಗೆದ್ದಂಗ."

ಮಾಸ್ತರರ ನಗು ನಿಂತಿತು. ಬೆರಳುಗಳು ತಾವಾಗಿಯೇ ಒಮ್ಮೆ ನೆಟಿಕೆ ಮುರಿದುಕೊಂಡವು.

ಅಷ್ಟರಲ್ಲಿ ಶ್ರೀಶೈಲಪ್ಪ ಮೊಬೈಲು ಕಿವಿಗೊತ್ತಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಮೇಲೆ ಬಂದ. ಆ ಕಡೆಯಿಂದ ಮಾತಾಡುತ್ತಿದ್ದವನು ಮುದ್ದೇಬಿಹಾಳದ ಬೀಗ ರೇವಣಪ್ಪ. ಬೀಗರು ಒಬ್ಬರನ್ನೊಬ್ಬರು ಕಾಡುವುದು ಎಲ್ಲ ಕಡೆ ಇದ್ದದ್ದೇ. ಆದರೆ ಈ ಇಬ್ಬರೂ ಮಕ್ಕಳ ಮದುವೆ ಮಾಡಿದ್ದೇ ಕಾಡಲಿಕ್ಕೆ ಎಂಬಂತಿದ್ದರು. "ಬೀಗ್ರ, ನಿಮ್ಮ ಊರ ಗಂಡಸು ಹೆಣ್ಣು ನೋಡಾಕ ಓಡಿ ಹೋದನಂತ?" ಎಂಬುದು ಮೊಬೈಲಿನಿಂದ ಎಲ್ಲರಿಗೂ ಕೇಳಿಸಿತು.

ಶ್ರೀಶೈಲಪ್ಪ ಫೋನು ಕಿಸೆಗೆ ತುರುಕಿದ. "ಮಾಸ್ತರ, ನೀವೇನರ ಮುದ್ದೇಬಿಹಾಳ ಸೋಲಿಸಿದ್ರ ಈ ಖೋಲಿ ನಿಮ್ದ. ನೀವು ಇರೂತನಕ ನಿಮ್ದ. ಬಸವಣ್ಣನ ಆಣಿ!"

ಮೆಟ್ಟಿಲ ಮೇಲೆ ನಿಂತ ಹತ್ತು ಮಂದಿ ಇದಕ್ಕೆ ಸಾಕ್ಷಿಯಾದರು. ಇಪ್ಪತ್ತೆರಡು ವರ್ಷದ ಬದುಕು ಒಂದು ಆಟದ ಮೇಲೆ ನಿಂತಿತು. ಮಾಸ್ತರರು ಕನ್ನಡಕ ಒರೆಸಿಕೊಂಡು ಎದ್ದರು. ಎಲ್ಲರೂ ಧಡಧಡ ಇಳಿದು ಕೆಫೆಗೆ ನುಗ್ಗಿದರು.

ಎರಡು ಗಂಟೆಗೆ ಯುದ್ಧ ಸುರುವಾಯಿತು. ಇಂಡಿಯವರು ಹನ್ನೆರಡು ಬಾಣ ಬಿಟ್ಟಾಗ ಅವರ ಊರಿನ ಕರೆಂಟು ಹೋಯಿತು. ಅವರ ಯುದ್ಧ ಅಲ್ಲಿಗೇ ಮುಗಿಯಿತು. ಬಾಗೇವಾಡಿಯವರನ್ನು ಕಾವಲುಗಾರ ಹಿಡಿದ. ಈ ಕಾವಲುಗಾರ ಮನುಷ್ಯನಲ್ಲ. ಮೋಸ ಹಿಡಿಯಲಿಕ್ಕೆಂದೇ ಕಂಪನಿಯವರು ಆಟದ ಒಳಗೆ ಕೂರಿಸಿದ ಪ್ರೋಗ್ರಾಮು. ಆಟದಲ್ಲಿ ಬೇರೆ ಎಲ್ಲವನ್ನೂ ಕತ್ತರಿಸಿದವರು ಇವನೊಬ್ಬನನ್ನು ಮಾತ್ರ ಇಡಿಯಾಗಿ ಕಳಿಸಿದ್ದರು. ಬಾಗೇವಾಡಿಯವರು ತಾನಾಗಿಯೇ ಬಾಣ ಬಿಡುವ ಕಳ್ಳ ಯಂತ್ರವೊಂದನ್ನು ಎಲ್ಲಿಂದಲೋ ಇಳಿಸಿಕೊಂಡಿದ್ದರಂತೆ. ಕಾವಲುಗಾರ ಕುತ್ತಿಗೆಗೆ ಕೈಹಾಕಿ ಹೊರದಬ್ಬಿದ.

ಉಳಿದದ್ದು ಸಿಂದಗಿ, ಮುದ್ದೇಬಿಹಾಳ. ಹೊಸ ಕೀಲಿಮಣೆ ಮೊದಲು ಮಾಸ್ತರರಿಗೆ ಒಗ್ಗಲಿಲ್ಲ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಯಾರೋ ಧಡ್ ಧಡ್ ಎಂದು ಸುತ್ತಿಗೆ ಹೊಡೆಯುವ ಸಪ್ಪಳ ಬಂತು. ಎಷ್ಟು ಹದವಾದ ತಾಳವೆಂದರೆ ಅವರ ಹಳೆಯ ರೂಲುಪಟ್ಟಿಯ ತಾಳವೇ. ಬೆರಳುಗಳು ಅದಕ್ಕೆ ಕೂಡಿಕೊಂಡವು. ನೂರು ಬಾಣ, ನೂರೈವತ್ತು, ಇನ್ನೂರು! ಒಂದೂ ತಪ್ಪಿಲ್ಲ. ಬೆನ್ನ ಹಿಂದೆ ನಿಂತ ಸಿಂದಗಿ ಕೇಕೆ ಹಾಕಿತು.

ತಟ್ಟನೆ ಪರದೆ ಕೆಂಪಾಯಿತು. ಅಮಿತ ಓದಿ ಹೇಳಿದ: "ಹಿಂಗ ಸಮಾ ತಾಳದಾಗ, ಒಂದೂ ತಪ್ಪಿಲ್ಲದ ಒತ್ತೂದು ಮನುಷ್ಯಾರ ಕೈಲೆ ಆಗೂದಿಲ್ಲ. ನೀವು ಯಂತ್ರ ಅದೀರಿ. ಐದು ಮಿನಿಟ ಹೊರಗಿರ್ರಿ. ಮತ್ತ ಹಿಂಗ ಮಾಡಿದ್ರ ಕಾಯಂ ಹೊರಗ."

ಜನ ಕಾವಲುಗಾರನ ವಂಶವನ್ನೆಲ್ಲ ಬೈದರು. ಮಾಸ್ತರರ ಕಣ್ಣು ಮಾತ್ರ ತುಂಬಿ ಬಂದವು. "ಇಪ್ಪತ್ತೆರಡು ವರ್ಷದಾಗ ಇಂಥಾ ಸರ್ಟಿಫಿಕೇಟು ಯಾರೂ ಕೊಟ್ಟಿರಲಿಲ್ಲ" ಎಂದರು.

"ಸರ್ಟಿಫಿಕೇಟ ಆಮ್ಯಾಲೆ ಚೌಕಟ್ಟು ಹಾಕಸ್ರಿ" ಎಂದ ಶ್ರೀಶೈಲಪ್ಪ. "ಈಗ ನಡನಡುವ ನಾಕು ತಪ್ಪು ಮಾಡ್ರಿ."

"ತಪ್ಪು ಮಾಡಲಿಕ್ಕೆ ನನಗ ಬರೂದಿಲ್ಲ!"

ಬಂತು ನೋಡಿ ಫಜೀತಿ. ಜಗತ್ತಿನಲ್ಲಿ ಯಾರಿಗೂ ಕಲಿಸದೆ ಬರುವ ವಿದ್ಯೆ ಅದೊಂದೇ. ಅದು ಮಾಸ್ತರರಿಗೆ ಬರದು. ಪಕ್ಕದ ಕಂಪ್ಯೂಟರಿಗೆ ಕೂರಿಸಿ, ಅಕ್ಷರ ಹೊಡೆಸುತ್ತ, ತಪ್ಪಿನ ತಾಲೀಮು ಸುರು ಮಾಡಿದರು. ಚಹಾದಂಗಡಿಯ ಶೇವಂತೆವ್ವ ಅವರ ಬಾಯಿಗೆ ಬಿಸಿ ಮೆಣಸಿನಕಾಯಿ ಭಜಿ ತುರುಕಿದಳು. ಕಣ್ಣಲ್ಲಿ ನೀರು ಸುರಿಯಿತೇ ಹೊರತು ಬೆರಳು ತಪ್ಪಲಿಲ್ಲ. ಒಬ್ಬ ಕಂಕುಳಲ್ಲಿ ಕಚಗುಳಿ ಇಟ್ಟ. ಇನ್ನೊಬ್ಬ ಕಿವಿಯ ಹತ್ತಿರ ಸೈಕಲ್ ಗಂಟೆ ಬಾರಿಸಿದ. ಮಾಸ್ತರರು ನಕ್ಕರು, ಬೆಚ್ಚಿದರು, ಆದರೆ ಅಕ್ಷರ ಮಾತ್ರ ಮುತ್ತಿನಂತೆ ಬಿದ್ದವು. ಐದರಲ್ಲಿ ನಾಲ್ಕು ನಿಮಿಷ ಹೀಗೇ ಹೋದವು. ಅತ್ತ ಮುದ್ದೇಬಿಹಾಳ ಮುನ್ನೂರು ದಾಟಿತ್ತು.

ಆಗ ಮಾಸ್ತರರ ಹೆಂಡತಿ ಸಾವಿತ್ರೀಬಾಯಿ ಬುತ್ತಿಯ ಡಬ್ಬಿ ಹಿಡಿದು, ಜನರನ್ನು ಮೊಣಕೈಯಿಂದ ಸರಿಸುತ್ತ ಒಳಗೆ ಬಂದರು.

"ಊಟದ ಹೊತ್ತಿಗೆ ಇದೇನ ನಡೆಸೀರಿ? ಗ್ಯಾಸ್ ಬುಕ್ ಮಾಡಿದ್ರೇನು?"

ಮಾಸ್ತರರ ಬೆರಳು ಜಾರಿತು.

"ತಪ್ಪಾತು! ತಪ್ಪಾತು!" ಎಂದು ಇಡೀ ಕೆಫೆ ಕುಣಿಯಿತು. ಗಂಡನ ತಪ್ಪಿಗೆ ಜನ ಚಪ್ಪಾಳೆ ಹೊಡೆದದ್ದನ್ನು ಸಾವಿತ್ರೀಬಾಯಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಶೇವಂತೆವ್ವ ಸ್ಟೂಲು ತಂದು ಮಾಸ್ತರರ ಪಕ್ಕಕ್ಕಿಟ್ಟಳು. "ಕುಂಡ್ರಿ ಬಾಯಾರ. ನಡನಡುವ ಹಿಂಗ ಏನರ ಕೇಳ್ಕೋತ ಇರ್ರಿ."

"ಅದಕ್ಕೇನ ಬರಗಾಲ? ಇಪ್ಪತ್ತು ವರ್ಷದ್ದು ಬಾಕಿ ಅದ" ಎಂದು ಅವರು ಸೆರಗು ಸಿಕ್ಕಿಸಿ ಕೂತರು.

ಯುದ್ಧ ಮತ್ತೆ ಸುರುವಾಯಿತು. ಮಾಸ್ತರರು ಹತ್ತಿಪ್ಪತ್ತು ಬಾಣ ಬಿಟ್ಟೊಡನೆ, "ಮಗಳು ಮುಕ್ತಾನ ಕಾಲೇಜ ಫಾರ್ಮು ತುಂಬಿದ್ರೇನು?" ಒಂದು ತಪ್ಪು. ಮತ್ತೆ ಇಪ್ಪತ್ತು ಬಾಣ. "ಹೋದ ಸಲ ನಮ್ಮಣ್ಣ ಬಂದಾಗ ಮಾರಿ ಯಾಕ ಗಂಟ ಹಾಕಿದ್ರಿ?" ಎರಡು ತಪ್ಪು. "ಪಂಢರಪುರಕ್ಕ ಯಾವಾಗ ಕರ್ಕೊಂಡ ಹೋಗ್ತೀರಿ?" ಮೂರು ತಪ್ಪು, ಮೇಲೊಂದು ನಿಟ್ಟುಸಿರು. ಕಾವಲುಗಾರ ಹುಡುಕಿದ, ಪರೀಕ್ಷಿಸಿದ, ಇವನು ಯಂತ್ರವಲ್ಲ, ಸಂಸಾರಸ್ಥ ಎಂದು ಮನಗಂಡು ಸುಮ್ಮನಾದ.

ನಾನೂರು, ನಾನೂರೈವತ್ತು. ಹಿತ್ತಲ ಸುತ್ತಿಗೆಯೂ ಬಿಡದೆ ತಾಳ ಹಾಕುತ್ತಿತ್ತು. ನಾನೂರ ತೊಂಬತ್ತಕ್ಕೆ ಎರಡೂ ಊರು ಸಮ ಸಮ. ಸಾವಿತ್ರೀಬಾಯಿ ಗಂಡನ ಮುಖ ನೋಡಿದರು. ಆ ಖೋಲಿ ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಇನ್ನ ನಾ ಏನೂ ಕೇಳೂದಿಲ್ಲ. ಹೊಡೀರಿ" ಎಂದರು ಮೆಲ್ಲಗೆ.

ಮದುವೆಯಾದ ಮೇಲೆ ಮೊದಲ ಸಲ ಕೇಳಿದ ಮಾತು ಅದು. ಮಾಸ್ತರರ ಹತ್ತು ಬೆರಳಿಗೂ ರೆಕ್ಕೆ ಬಂದವು. ಹತ್ತು ಅಕ್ಷರ, ಹತ್ತು ಬಾಣ. ಕೋಟೆ ಧೊಪ್ಪೆಂದು ಬಿತ್ತು!

ಕೆಫೆಯಲ್ಲಿ ಎದ್ದ ಕೂಗಿಗೆ ಬಸ್ ಸ್ಟ್ಯಾಂಡಿನಲ್ಲಿ ಕಲಬುರಗಿಗೆ ಹೊರಟ ಬಸ್ಸು ನಿಂತಿತು. ಶ್ರೀಶೈಲಪ್ಪ ಬೀಗನಿಗೆ ಫೋನು ಹಚ್ಚಿ, "ಬೀಗ್ರ, ಊಟ ಆತೇನ್ರಿ? ಗಂಟಲದಾಗ ಇಳೀತೇನ್ರಿ?" ಎಂದ. ಆ ಕಡೆಯಿಂದ ಕೆಮ್ಮು ಮಾತ್ರ ಕೇಳಿಸಿತು. ಅಷ್ಟು ಖುಷಿಯನ್ನು ಶ್ರೀಶೈಲಪ್ಪ ಮಗನ ಮದುವೆಯಲ್ಲೂ ಪಟ್ಟಿರಲಿಲ್ಲ. ಯಾರೋ ಹಾರ ತಂದರು, ಯಾರೋ ಹಲಗೆ ಬಾರಿಸುತ್ತ ಬಂದರು. ಮಾಸ್ತರರನ್ನು ಹೆಗಲ ಮೇಲೆ ಹೊತ್ತು, "ಖೋಲಿಗೆ ನಡೀರಿ!" ಎಂದು ಹಿಂದಕ್ಕೆ ಸಾಗಿದರು.

ಹಿಂದೆ ಹೋದ ಮೆರವಣಿಗೆ ಗಕ್ಕನೆ ನಿಂತಿತು. ಮೆಟ್ಟಿಲು ಇರಲಿಲ್ಲ.

ಬಿಚ್ಚಿದ ಮೆಟ್ಟಿಲಿನ ಕಟ್ಟಿಗೆಗಳನ್ನು ಗೋಡೆಗೆ ಓರಣವಾಗಿ ಒರಗಿಸಿ, ಬಡಿಗೇರ ಸೋಮನಿಂಗ ಬೆವರು ಒರೆಸಿಕೊಳ್ಳುತ್ತಿದ್ದ. ಕೆಫೆಗೆ ಇನ್ನೆರಡು ಕಂಪ್ಯೂಟರಿಗೆ ಜಾಗ ಬೇಕೆಂದು ಮೆಟ್ಟಿಲು ತೆಗೆಯಲು ಶ್ರೀಶೈಲಪ್ಪನೇ ನಿನ್ನೆ ಅವನಿಗೆ ಹೇಳಿದ್ದ. ಬೀಗನ ಮೇಲಿನ ಸಿಟ್ಟಿನಲ್ಲಿ ಬೇಡವೆನ್ನಲು ಮರೆತಿದ್ದ.

"ಎರಡಕ್ಕ ಸುರು ಮಾಡಂದಿದ್ರಿ ಸಾವ್ಕಾರ್ರ, ಎರಡಕ್ಕ ಮಾಡೇನ್ರಿ" ಎಂದ ಸೋಮನಿಂಗ ಹೆಮ್ಮೆಯಿಂದ. "ಒಳಗ ಯಾರೋ ಟಕಟಕ ತಾಳ ಹಾಕಾಕತ್ತಿದ್ರು. ಅದರ ಗುಂಗಿನಾಗ ಕೆಲಸ ಹೋಗಿದ್ದ ತಿಳೀಲಿಲ್ಲ!"

ಎಲ್ಲರೂ ಶ್ರೀಶೈಲಪ್ಪನ ಮುಖ ನೋಡಿದರು. ಅವನು ಒಮ್ಮೆ ಕೆಫೆಯನ್ನು, ಒಮ್ಮೆ ಮಾಳಿಗೆಯನ್ನು ನೋಡಿ ಕತ್ತು ಕೆರೆದುಕೊಂಡ.

"ಕೊಟ್ಟ ಮಾತಿಗೆ ತಪ್ಪಾಂವಲ್ರಿ ನಾ. ಖೋಲಿ ನಿಮ್ದಂದ್ರ ನಿಮ್ದ. ಮೆಟ್ಟಲ... ಮೆಟ್ಟಲ ಮುಂದ ಬರ್ತಾವ್ರಿ."

ಗೆದ್ದ ಊರಿಗೆ ಮೆಟ್ಟಿಲು ಯಾವ ಲೆಕ್ಕ? ರಾಟೆಯ ಹಗ್ಗಕ್ಕೆ ತೊಗರಿಯ ದೊಡ್ಡ ಬುಟ್ಟಿ ಕಟ್ಟಿ, ಹಾರದ ಸಮೇತ ಮಾಸ್ತರರನ್ನು ಅದರಲ್ಲಿ ಕೂರಿಸಿದರು. ನಾಲ್ಕು ಮಂದಿ ಹಮಾಲರು "ಐಸಾ!" ಎಂದು ಎಳೆದರು. ಹಲಗೆ ಮೊಳಗಿತು, ಸಿಂದಗಿ ಕೈಬೀಸಿತು, ಮಾಸ್ತರರು ಗಿರಗಿರ ತಿರುಗುತ್ತ ಮೇಲೇರಿದರು. ಕಿಟಕಿಯಿಂದ ಒಳಗೆ ಇಳಿದು ಒಂಬತ್ತೂ ಮಶೀನುಗಳನ್ನು ಸವರಿದರು. ರಾಜನಿಗಾದರೂ ಇಂಥ ಸುಖ ಇದ್ದೀತೇ? ವಿಜಯದ ಸುದ್ದಿಯನ್ನು ಒಂದು ಹಾಳೆಯಲ್ಲಿ ಹೊಡೆಯಬೇಕೆಂದು ಅಲ್ಲೇ ಕೂತರು.

ಸಂಜೆಯಾಯಿತು. ಜನ ಮನೆಗೆ ಹೋದರು, ಹಮಾಲರು ಹಗ್ಗ ಸುತ್ತಿಟ್ಟು ಹೋದರು. ಮಾಸ್ತರರು ಹಾಳೆ ಮುಗಿಸಿ ಕಿಟಕಿಯಲ್ಲಿ ಇಣುಕಿದಾಗ ಕೆಳಗೆ ಸಾವಿತ್ರೀಬಾಯಿ ಒಬ್ಬರೇ, ತೆರೆಯದ ಬುತ್ತಿಯ ಡಬ್ಬಿ ಹಿಡಿದು ನಿಂತಿದ್ದರು.

"ಅಲ್ಲಾ," ಎಂದು ಕೇಳಿದರು ಅವರು, "ಇಳಿಯೂದು ಹ್ಯಾಂಗ ಅಂತ ವಿಚಾರ ಮಾಡಿದ್ರೇನು?"

ಮಾಸ್ತರರು ಅದನ್ನೂ ಮಾಡಿರಲಿಲ್ಲ.